ಪ್ರಸಂಗಕ್ಕೆ ಸಿಕ್ಕ ಹೆಪ್ಪು

ಕ್ರೈಸ್ತ ಸಭೆಯ ಉಪದೇಶಿಯಾದವನ ಕಣ್ಣಿಗೆ ಬಿದ್ದ ಯಾವ ವಸ್ತುವೂ ತನ್ನ ಪಾಡಿಗೆ ತಾನು ಇರಲಾರದು. ಕೊಡೆ ಹರಿದರೆ ನಿಮಗೆ ಅದು ಹರಿದ ಕೊಡೆ, ನನಗೆ ಮಾನವಪ್ರಯತ್ನದ ನಿರರ್ಥಕತೆ. ಹೊಸ ಚಪ್ಪಲಿ ಕಚ್ಚಿದರೆ ನೀವು ಅಂಗಡಿಯವನನ್ನು ಬೈಯುತ್ತೀರಿ. ನಾನು ಪರಲೋಕದ ಇಕ್ಕಟ್ಟಾದ ದಾರಿಯನ್ನು ನೆನೆದು, ಭಾನುವಾರದ ಪ್ರಸಂಗಕ್ಕೊಂದು ದೃಷ್ಟಾಂತ ದೊರೆಯಿತೆಂದು ಕುಂಟುತ್ತಲೇ ಹಿಗ್ಗುತ್ತೇನೆ. ಒಮ್ಮೆ ಕೊಪ್ಪಳದಿಂದ ಅಳವಂಡಿಗೆ ಬರುವಾಗ ನಮ್ಮ ಚಕ್ಕಡಿಯ ಗಾಲಿ ಎರೆಮಣ್ಣಿನ ಕೆಸರಿನಲ್ಲಿ ಹೂತಿತು. ಉಳಿದವರೆಲ್ಲ ಇಳಿದು ಹೆಗಲು ಕೊಟ್ಟರೆ, ನಾನು ಪಾಪಪಂಕದಲ್ಲಿ ಮಗ್ನವಾದ ಆತ್ಮದ ಅವಸ್ಥೆಯನ್ನು ಗಟ್ಟಿಯಾಗಿ ವಿವರಿಸುತ್ತ ಮೇಲೆಯೇ ಕುಳಿತಿದ್ದೆ. ಚಕ್ಕಡಿಯವನು ಬಹಳ ವಿನಯದಿಂದ, “ಉಪದೇಶಿಗಳ, ಆತ್ಮ ಆಮ್ಯಾಲೆ ಎತ್ತೋಣಂತ. ಮೊದಲ ನೀವು ಇಳೀರಿ” ಎಂದ. ಇಳಿದೆ. ಆದರೆ ಆ ಮಾತನ್ನೂ ಮುಂದಿನ ವಾರ ಪ್ರಸಂಗಕ್ಕೆ ಬಳಸಿಕೊಂಡೆ.

ನನ್ನ ಹೆಂಡತಿ ಮಾರ್ಥಳಿಗೆ ಈ ನನ್ನ ಚಟ ಮದುವೆಯಾದ ಹೊಸದರಲ್ಲೇ ತಿಳಿದುಹೋಗಿತ್ತು. “ಕಸಬರಿಗಿ ನಿಮ್ಮ ಕಣ್ಣಿಗೆ ಬೀಳದಂಗ ಇಡತೀನ್ರಿ. ಇಲ್ಲಂದ್ರ ನಾ ಕಸಾ ಹೊಡೆಯೂದೂ ಗುಡಿಯಾಗ ಬರತೈತಿ” ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಮ್ಮ ಗುರುವೇ ಬೀಜ, ಉಪ್ಪು, ದೀಪಗಳಿಂದ ಬೋಧಿಸಿದ್ದಾನಲ್ಲ, ಶಿಷ್ಯನಿಗೇನು ಸಂಕೋಚ ಎಂದು ನನ್ನ ಸಮರ್ಥನೆ ಸದಾ ಸಿದ್ಧವಾಗಿರುತ್ತಿತ್ತು.

ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಾವಿಬ್ಬರೂ ಗದಗಿನ ಕಡೆಯಿಂದ ನಿಜಾಮರ ಸೀಮೆಗೆ ಬಂದು ಅಳವಂಡಿಯಲ್ಲಿ ನೆಲೆಸಿದ್ದೆವು. ನಮ್ಮ ಹಿತ್ತಲಿಗೂ ಪಕ್ಕದ ಒಕ್ಕಲುತನದ ಮನೆಯ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಆ ಮನೆಯಲ್ಲಿ ಅತ್ತೆ ಗೌರವ್ವ, ಸೊಸೆ ಶಿವವ್ವ. ಮತ ಬಿಟ್ಟವರ ಮನೆಯೊಡನೆ ಕೊಡುವುದು, ಕೊಳ್ಳುವುದು ಅವರ ಮಂದಿಗೆ ಸಲ್ಲದ ಸಂಗತಿ. ಗೌರವ್ವನಂತೂ ನಮ್ಮನ್ನು ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ಆದರೆ ಬೇಸಿಗೆಯಲ್ಲಿ ನಮ್ಮ ಮೊಸರು ಕೆಟ್ಟು ಹಾಲಿಗೆ ಹೆಪ್ಪಿಲ್ಲದಾದಾಗ, ಒಂದು ಮುಂಜಾನೆ ಶಿವವ್ವ ಸುತ್ತ ನೋಡಿ, ಗೋಡೆಯಾಚೆಯಿಂದಲೇ ಮಾರ್ಥ ಹಿಡಿದ ವಾಟಗವೆಂಬ ಪುಟ್ಟ ಬಟ್ಟಲೊಳಕ್ಕೆ ಒಂದು ಚಮಚ ಮಜ್ಜಿಗೆಯನ್ನು ಮೇಲಿನಿಂದ ಸುರಿದಳು. ಅಂದಿನಿಂದ ಅದೊಂದು ರೂಢಿಯಾಯಿತು. ಹೆಪ್ಪು ಬೇಕಿಲ್ಲದ ದಿನವೂ ಮಾರ್ಥ ವಾಟಗ ಹಿಡಿದು ಹೋಗುತ್ತಿದ್ದಳು. ಗೋಡೆಗೆ ಮುಂಗೈ ಊರಿ ನಿಂತು ಇಬ್ಬರೂ ಪಿಸುಮಾತಿನಲ್ಲಿ ಎಷ್ಟೋ ಹೊತ್ತು ಮಾತಾಡುವರು. ಪರಊರಿಗೆ ಬಂದು, ಮಕ್ಕಳಿಲ್ಲದೆ, ಬೀದಿಯ ಹೆಂಗಸರು ಮಾತಾಡಿಸದ ಮಾರ್ಥಳಿಗೆ ದಿನದಲ್ಲಿ ನಗುವ ವೇಳೆ ಅದೊಂದೇ ಆಗಿತ್ತು. ಅವಳ ನಗು ಒಳಗೆ ನನಗೆ ಕೇಳುತ್ತಿತ್ತು, ಕೇಳಿ ನನಗೂ ಸಂತೋಷವಾಗುತ್ತಿತ್ತು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಉಪದೇಶಿ ಹೇಗಾದೇನು, ನೀವೇ ಹೇಳಿ. ಒಂದು ಭಾನುವಾರ ಹುಳಿಹಿಟ್ಟಿನ ಸಾಮ್ಯ, ಎಂದರೆ ಚಿಟಿಕೆ ಹುಳಿ ಇಡೀ ಹಿಟ್ಟನ್ನು ಉಬ್ಬಿಸುವಂತೆ ದೇವರ ರಾಜ್ಯ ಬೆಳೆಯುತ್ತದೆಂಬ ಕಥೆ, ಹೇಳಬೇಕಾಗಿ ಬಂತು. ಜೋಳದ ರೊಟ್ಟಿ ತಟ್ಟುವ ನಮ್ಮ ಸೀಮೆಯಲ್ಲಿ ಹಿಟ್ಟು ಹುಳಿಯಾಯಿತೆಂದರೆ ಕೆಟ್ಟಿತೆಂದೇ ಅರ್ಥ. ಅದರಿಂದ ದೇವರ ರಾಜ್ಯವನ್ನು ಬೆಳೆಸುವುದು ದುಸ್ಸಾಧ್ಯ. ಆಗ ನನ್ನ ಬುದ್ಧಿಗೆ ಹೆಪ್ಪು ಹೊಳೆಯಿತು. ಹೊಳೆದದ್ದೇ ತಡ, ಗೋಡೆಯಾಚೆಯ ಒಬ್ಬ ಸಾಧ್ವಿಯನ್ನು, ಅವಳು ಅಂಜುತ್ತಂಜುತ್ತ ಸುರಿಯುವ ಒಂದು ಚಮಚ ಕರುಣೆಯನ್ನು, ಅದು ಇಡೀ ಗಡಿಗೆಯನ್ನು ಮಾರ್ಪಡಿಸುವ ಪರಿಯನ್ನು ರಸವತ್ತಾಗಿ ವರ್ಣಿಸಿದೆ. ಬೆಳಕಿಗೆ ಕತ್ತಲೆಯ ಹಿನ್ನೆಲೆ ಬೇಕಲ್ಲವೇ, ಕಠಿಣಹೃದಯದ ಒಬ್ಬ ಅತ್ತೆಯನ್ನೂ ಸೇರಿಸಿದೆ. ಸಭೆ ತಲೆದೂಗಿತು. ಕಿಟಕಿಯ ಹೊರಗೆ ನಿಂತ ಬೀದಿಯ ಮಂದಿಯೂ ಕಿವಿಗೊಟ್ಟಿದ್ದರು. ಮಾರ್ಥ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕಡೆಯವರೆಗೂ ತಲೆಯೆತ್ತಲಿಲ್ಲ. ಭಕ್ತಿಪರವಶಳಾಗಿದ್ದಾಳೆಂದು ನಾನು ಭಾವಿಸಿದೆ. ಹೆಸರನ್ನಂತೂ ನಾನು ಹೇಳಿರಲಿಲ್ಲ. ಆದರೆ ಉಪದೇಶಿಯ ಮನೆಯೊಡನೆ ಗೋಡೆ ಹಂಚಿಕೊಂಡ ಮನೆ ಅಳವಂಡಿಯಲ್ಲಿ ಒಂದೇ ಒಂದು ಇತ್ತು.

ಮಾರನೆಯ ಮುಂಜಾನೆ ಮಾರ್ಥ ವಾಟಗ ಹಿಡಿದು ನಿಂತಳು. ಬಿಸಿಲೇರಿತು. ಶಿವವ್ವ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಒಳಗೆ ಬಂದು ಖಾಲಿ ವಾಟಗವನ್ನು ಬೋರಲು ಹಾಕಿ ಮಾರ್ಥ ಹೇಳಿದ ಮಾತು ಇಷ್ಟೇ: “ನಿಮಗ ದೃಷ್ಟಾಂತ ಬೇಕಾಗಿತ್ತು, ಖರೆ. ನನಗ ಈ ಊರಾಗ ಶಿವವ್ವ ಒಬ್ಬಾಕಿನ ಇದ್ದಳ್ರೀ.” ಅದರಲ್ಲಿ ಕೋಪವಿದ್ದಿದ್ದರೆ ನಾನು ತಾಳ್ಮೆಯ ಬಗ್ಗೆ ಏನಾದರೂ ಹೇಳುತ್ತಿದ್ದೆನೇನೋ. ಕೋಪವಿರಲಿಲ್ಲ.

ಆದರೂ ನನ್ನ ಬುದ್ಧಿ ನೋಡಿ, ತಪ್ಪು ಅತ್ತೆಯದೆಂದೇ ಅದು ಬಗೆದಿತ್ತು. ಸೊಸೆಯನ್ನು ಕಾಡುತ್ತಿರುವ ಆ ಮುದುಕಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಅವಳ ಮನಸ್ಸನ್ನು ಕರಗಿಸಿಬಿಡುತ್ತೇನೆಂದು, ಕೋಟು ತೊಟ್ಟು, ರುಮಾಲು ಸರಿಪಡಿಸಿಕೊಂಡು ಹೊರಟೆ. ಗೌರವ್ವ ತಮ್ಮ ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಈ ಸಲ ಮುಖ ತಿರುಗಿಸಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವಳೇ ಮಾತು ತೆಗೆದಳು.

“ನನಗ ಗೊತ್ತಿರಲಿಲ್ಲ ಅಂತ ತಿಳಕೊಂಡೀರೇನ್ರಿ, ಉಪದೇಶಿಗಳ? ಮಜ್ಜಿಗಿ ಗಡಗಿ ಜಂತಿಗಿ ತೂಗೊ ನೆಲುವಿನ ಮ್ಯಾಲ ಇರತೈತಿ. ಶಿವವ್ವಗ ಕೈ ನಿಲಕಂಗಿಲ್ಲ. ದಿನಾ ಮುಂಜಾನೆ ಇಳಿಸಿ ಇಡಾಕಿ ನಾನ. ಇಳಿಸಿಟ್ಟು ಹಿತ್ತಲಕ್ಕ ಬೆನ್ನು ಮಾಡಿ ಕುಂದರತಿದ್ದೆ. ನಿಮ್ಮನ್ನ ಕಂಡ್ರ ಮಾರಿ ತಿರುವತಿದ್ದೆ. ನೋಡಿದ್ರ ಬ್ಯಾಡ ಅನಬೇಕಾಗತೈತಿ, ಅದಕ್ಕ.” ಒಂದು ಹಿಡಿ ಕಡಲೆಯನ್ನು ಮೊರದಲ್ಲಿ ಸರಿಸಿ ಮುಂದುವರಿಸಿದಳು. “ಈಗ ಊರಿಗೆಲ್ಲಾ ಹೇಳಿಬಿಟ್ರಿ. ನಮ್ಮ ಮಂದಿ ಬಂದು ಕೇಳ್ಯಾರ. ಇನ್ನ ಗೊತ್ತಿಲ್ಲದಂಗ ಹೆಂಗ ಇರಲಿ, ನೀವ ಹೇಳ್ರಿ.”

ನಾಚಿಕೆಯೆಂದರೆ ಏನೆಂದು ಅಲ್ಲಿಯವರೆಗೆ ನಾನು ಬೇರೆಯವರಿಗೆ ವಿವರಿಸಿದ್ದೆ. ಅದು ಕಿವಿಯ ತುದಿಯವರೆಗೆ ಸುಡುತ್ತದೆಂಬುದು ಆ ಬಿಸಿಲಿನಲ್ಲಿ ತಿಳಿಯಿತು. ಕೊಟ್ಟದ್ದನ್ನು ಗುಟ್ಟಾಗಿಡಬೇಕೆಂದು ಬೋಧಿಸಿದ ಗುರುವಿನ ಹೆಸರು ಹೇಳಿಕೊಂಡು ನಾನು ಸಂಬಳ ಪಡೆಯುತ್ತಿದ್ದೆ. ಆ ಬೋಧನೆಯನ್ನು ಕೇಳಿಯೇ ಇರದ ಈಕೆ ಅದನ್ನು ಪಾಲಿಸುತ್ತಿದ್ದಳು, ನಾನು ಅವಳನ್ನೇ ಕಠಿಣಹೃದಯಳೆಂದು ಸಭೆಯ ಮುಂದೆ ನಿಲ್ಲಿಸಿದ್ದೆ. ಸಭೆಯ ಮುಂದೆಯೇ ಕ್ಷಮೆ ಬೇಡೋಣವೆಂದರೆ ಮತ್ತೆ ಅವಳ ಗುಟ್ಟನ್ನು ಹರಾಜು ಹಾಕಿದಂತೆ. “ತಪ್ಪಾತ್ರೀ, ಅವ್ವಾರ” ಎಂದೆ. ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಪ್ರಸಂಗ ಅದು.

ಗೌರವ್ವ ಮತ್ತೊಂದು ಹಿಡಿ ಕಡಲೆಯನ್ನು ಮೊರಕ್ಕೆ ಸುರಿದುಕೊಂಡಳು. ನಾನು ತಿರುಗಿ ಹೊರಟಾಗ ಹಿಂದಿನಿಂದ ಕರೆದಳು.

“ಮಂದಿ ಬಿಡವಲ್ಲರು, ನಾಳೆ ಗೋಡಿ ಮ್ಯಾಲ ಜಾಲಿ ಮುಳ್ಳು ಹಾಕಸ್ತಾರ. ನಿಮ್ಮ ಹೆಣತಿಗೆ ಮೊದಲ ಹೇಳಿಡ್ರಿ. ತಿಳೀದ ಕೈ ಇಟ್ಟಾಳು, ಚುಚ್ಚೀತು.”

ಮನೆಗೆ ಬಂದೆ. ಮಾರ್ಥ ಒಲೆಯ ಮುಂದಿದ್ದಳು. ತಿರುಗಿ ನನ್ನ ಮುಖ ನೋಡಿದಳು. ಮುದುಕಿ ಹೇಳಿಕಳಿಸಿದ ಮಾತನ್ನು ಒಂದಕ್ಷರ ಸೇರಿಸದೆ ಹಾಗೆಯೇ ಹೇಳಿದೆ.