ನನ್ನ ಕಣ್ಣಿನ ವ್ಯಾಯಾಮ, ಜಯಂತಿಯವರ ಟಾರ್ಪಾಲು

ಹೋದ ವರ್ಷದ ಮಾತು. ಕಾಫಿ ಕೊಯ್ಲು ಮುಗಿದಿತ್ತು, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿರಲಿಲ್ಲ. ತೋಟ ಇದ್ದವರೆಲ್ಲ ಆಕಾಶ ನೋಡಿಕೊಂಡು ಓಡಾಡುತ್ತಿದ್ದ ಆ ದಿನಗಳಲ್ಲಿ ನಾನು ಎಲ್ಲಿ ನೋಡುತ್ತಾ ಕೂತಿದ್ದೆ ಎನ್ನುವುದೇ ಈ ಅನುಭವ. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೂ ನನ್ನಂತೆ ವಯಸ್ಸಾದ ಮೇಲೂ ಕಂಪ್ಯೂಟರ್ ಮುಂದೆ ಕೂರುವವರು ಯಾರಾದರೂ ಓದಿ ಎಚ್ಚರವಾಗಲಿ ಎಂದು ಬರೆಯುತ್ತಿದ್ದೇನೆ.

ನನಗೆ ಐವತ್ತೇಳು. ಗೋಣಿಬೀಡಿನಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಟೈಪಿಂಗ್, ಜೆರಾಕ್ಸ್, ಇಷ್ಟೇ ನನ್ನ ವ್ಯವಹಾರ. ಹರೆಯದಲ್ಲಿ ಮೂಡಿಗೆರೆಯಲ್ಲಿ ಟೈಪ್‌ರೈಟರ್ ಕುಟ್ಟಿ ಪಳಗಿದ ಬೆರಳುಗಳು ಇವತ್ತಿಗೂ ಓಡುತ್ತವೆ. ವಯಸ್ಸಾಗಿರುವುದು ಉಳಿದದ್ದಕ್ಕೆಲ್ಲ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಕೊರಡಿನಂತಾಗುತ್ತಿತ್ತು. ಕಣ್ಣಿಗೆ ಖಾರದ ಕೈ ತಾಗಿದಂತೆ ಉರಿ. ಸಂಜೆ ರಸ್ತೆಗೆ ಇಳಿದರೆ ಎದುರು ಬಂದವರ ಮುಖವೆಲ್ಲ ಮಸುಕು. ಒಂದು ಸಂಜೆ ಅಂಗಡಿ ಬಾಗಿಲಿಗೆ ಬಂದು ನಿಂತ ನನ್ನ ಸ್ವಂತ ಬಾವನಿಗೇ "ಯಾರು ಬೇಕಿತ್ತು?" ಎಂದು ಕೇಳಿದೆ. ಮಾರನೇ ದಿನ ಹೆಂಡತಿ ಶಾರದೆ ನನ್ನನ್ನು ಮೂಡಿಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಾಳ್ಮೆಯಿಂದ ನೋಡಿದರು. "ಕನ್ನಡಕದ ನಂಬರ್ ಬದಲಾಯಿಸಿದ್ದೀನಿ ಅಂಕಲ್, ಆದ್ರೆ ಅದೊಂದೇ ಸಾಲಲ್ಲ. ಇಪ್ಪತ್ತು ನಿಮಿಷಕ್ಕೊಂದು ಸಲ ಕಂಪ್ಯೂಟರಿಂದ ಕಣ್ಣು ತೆಗೆದು ದೂರ ಇರೋ ಒಂದು ವಸ್ತು ನೋಡಿ. ಮಸುಕು ಹೋಗಿ ಸರಿಯಾಗಿ ಕಾಣೋವರೆಗೂ ನೋಡಿ. ಆಮೇಲೆ ಚೆನ್ನಾಗಿ ರೆಪ್ಪೆ ಬಡೀರಿ. ಕುತ್ತಿಗೇನೂ ಆಗಾಗ ಆಡಿಸ್ತಾ ಇರಿ" ಎಂದರು.

"ಎಂಥದ್ದು ನೋಡ್ಬೇಕು?" ಎಂದು ಕೇಳಿದೆ.

"ಎಂಥದ್ದಾದ್ರೂ ಆಗತ್ತೆ. ಹಸಿರಿದ್ರೆ ಇನ್ನೂ ಒಳ್ಳೇದು."

ನಾನು ಸ್ವಲ್ಪ ಹಟದ ಮನುಷ್ಯ. ಒಂದು ಕೆಲಸ ಒಪ್ಪಿಕೊಂಡರೆ ಚಾಚೂ ತಪ್ಪದೆ ಮಾಡಿಯೇ ಸಿದ್ಧ. ಅವತ್ತೇ ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವಂತೆ ಇಟ್ಟುಕೊಂಡೆ. ಕಷ್ಟ ಬಂದದ್ದು ಆಮೇಲೆ. ನಮ್ಮ ಕಡೆ ಹಸಿರಿಗೇನೂ ಬರವಿಲ್ಲ, ಬರ ಇರುವುದು ದೂರಕ್ಕೆ. ಅಂಗಡಿಯ ಹಿಂದಿನ ಕಿಟಕಿ ತೆಗೆದರೆ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಗುಡ್ಡ ಕಡಿದ ಮಣ್ಣಿನ ದರೆ. ಪಕ್ಕದಲ್ಲಿ ಗೊಬ್ಬರದ ಅಂಗಡಿಯ ಗೋಡೆ. ಕುರ್ಚಿಯಲ್ಲಿ ಕೂತು ನೋಡಿದರೆ ಕಣ್ಣು ಸ್ವಲ್ಪ ದೂರ ಹೋಗುವುದು ಬಾಗಿಲಿನ ಕಡೆ ಮಾತ್ರ. ರಸ್ತೆಯ ಆಚೆ ಜಯಂತಿಯವರ ಟೈಲರ್ ಅಂಗಡಿ. ಅಲ್ಲಿ ಮಾದರಿಗೆಂದು ಒಂದು ಗಿಳಿಹಸಿರು ರವಿಕೆಯನ್ನು ಎತ್ತರಕ್ಕೆ ನೇತುಹಾಕಿದ್ದರು. ದೂರವೂ ಆಯಿತು, ಹಸಿರೂ ಆಯಿತು ಎಂದು ನನಗೆ ಖುಷಿಯಾಯಿತು. ಆ ರವಿಕೆಯ ಕೆಳಗೇ ಜಯಂತಿಯವರ ಹೊಲಿಗೆ ಮೆಷಿನ್ ಇತ್ತು.

ಜಯಂತಿ ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಗಂಡ ಬಾಳೂರು ಕಡೆಯ ಎಸ್ಟೇಟುಗಳಿಗೆ ಜೀಪು ಓಡಿಸುತ್ತಾರೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಮ್ಮ ಮನೆಯ ರವಿಕೆಗಳೆಲ್ಲ ಅವರ ಕೈಯಲ್ಲೇ ಹೊಲಿದವು.

ನನ್ನ ವ್ಯಾಯಾಮ ಶುರುವಾಯಿತು. ಫೋನು ಟಿಣ್ ಎಂದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆ. ಆಮೇಲೆ ಎದುರಿನ ಅಂಗಡಿಯನ್ನೇ ಎವೆಯಿಕ್ಕದೆ ನೋಡುವುದು. ಮೊದಲು ಬರೀ ಹಸಿರು ಕಾಣುತ್ತಿತ್ತು, ನಿಧಾನಕ್ಕೆ ರವಿಕೆಯ ತೋಳು, ತೋಳಿನ ಅಂಚು ಕಾಣುತ್ತಿತ್ತು. ಅಷ್ಟಾದ ಮೇಲೆ ಪಟಪಟ ರೆಪ್ಪೆ ಬಡಿದು, ಕುತ್ತಿಗೆಯನ್ನು ಆ ಕಡೆ ಈ ಕಡೆ ಆಡಿಸಿ, ಕನ್ನಡಕ ಹಾಕಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದೆ. ಓದುತ್ತಿರುವ ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ಕಣ್ಣುರಿ ಇಳಿದದ್ದೇ ಇಳಿದದ್ದು, ಅಂಗಡಿಗೆ ಬಂದವರಿಗೆಲ್ಲ "ದೂರ ನೋಡ್ಬೇಕು ಮಾರಾಯ, ದೂರ" ಎಂದು ಉಪದೇಶ ಬೇರೆ ಮಾಡುತ್ತಿದ್ದೆ.

ಹೀಗೆ ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಜಯಂತಿಯವರ ಅಂಗಡಿಯ ಮುಂದೆ ನೀಲಿ ಟಾರ್ಪಾಲು ಇಳಿಬಿದ್ದಿದೆ. ನಮ್ಮಲ್ಲಿ ಅಂಗಡಿಗಳಿಗೆ ಟಾರ್ಪಾಲು ಕಟ್ಟುವುದು ಮಳೆಗಾಲ ಹತ್ತಿರ ಬಂದಾಗ, ಎರಚಲು ಒಳಗೆ ಬರಬಾರದೆಂದು. ಇವರು ಸುಡುಬಿಸಿಲಿನಲ್ಲಿ ಕಟ್ಟಿದ್ದರು. ಒಳಗೆ ಹೋಗಿಬರಲು ಒಂದು ಪಕ್ಕದಲ್ಲಿ ಸಂದು ಬಿಟ್ಟಿದ್ದು ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿತ್ತು. ನನ್ನ ಹಸಿರು ರವಿಕೆ ಮಾಯ.

ನನಗೆ ಕಿರಿಕಿರಿಯಾಯಿತು. ಹತ್ತು ಗಂಟೆಯ ಟೀಗೆ ಪಕ್ಕದ ಹೋಟೆಲಿಗೆ ಹೋದಾಗ ಜಯಂತಿಯವರು ತಮ್ಮ ಅಂಗಡಿಯ ಹೊರಗೆ ನಿಂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಹೋಟೆಲಿನಲ್ಲಿ ನಾಲ್ಕಾರು ಜನ ಇದ್ದರು. ನಾನು ಅಲ್ಲಿಂದಲೇ ದೊಡ್ಡ ದನಿಯಲ್ಲಿ, "ಏನು ಜಯಂತಿಯಮ್ಮ, ಹೂಮಳೆ ಕರೆಸ್ತಿದ್ದೀರಾ? ಮಳೆ ಬಂದ್ರೆ ತೋಟದವ್ರೆಲ್ಲ ಸೇರಿ ನಿಮ್ಗೆ ಹಾರ ಹಾಕ್ತಾರೆ ಬಿಡಿ" ಎಂದೆ.

ಅವರು ತಲೆ ಎತ್ತಲಿಲ್ಲ. "ಧೂಳು" ಎಂದರು, ಅಷ್ಟೇ.

"ಡಾಂಬರು ರೋಡಲ್ಲಿ ಎಂಥ ಧೂಳು ಮಾರಾಯ್ರೆ? ಒಂಚೂರು ಮೇಲಕ್ಕೆ ಸುತ್ತಿ ಕಟ್ಟಿ. ನಮ್ಮ ಕಡೆಯಿಂದ ಎಂಥದ್ದೂ ಕಾಣಲ್ಲ."

ಆ ಮಾತು ಹೇಳಿದ್ದು ನಾನೇ, ಇದೇ ಬಾಯಿಯಿಂದ. ಜಯಂತಿ ಸರಕ್ಕನೆ ಒಳಗೆ ಹೋದರು. ಹೋಟೆಲಿನಲ್ಲಿ ಒಬ್ಬರೂ ನಗಲಿಲ್ಲ. ಟೀ ಕೊಡುವ ರಾಮಣ್ಣ ನನ್ನ ಮುಖ ನೋಡದೆ ಲೋಟ ಇಟ್ಟು ಹೋದ. ಇವತ್ತು ಎಲ್ಲರಿಗೂ ಏನಾಗಿದೆ ಎಂದುಕೊಂಡು ಟೀ ಕುಡಿದು ಬಂದೆ.

ಅದಾಗಿ ಹತ್ತು ಹದಿನೈದು ದಿನಕ್ಕೆ ಶಾರದೆ ಒಂದು ಹೊಸ ರವಿಕೆ ಹಿಡಿದುಕೊಂಡು ಅಂಗಡಿಗೆ ಬಂದಳು. "ನೋಡಿ, ಒಂದು ತೋಳು ಉದ್ದ, ಒಂದು ಗಿಡ್ಡ. ಹೊಲಿಗೆ ನೋಡಿದ್ರೆ ಹಾವು ಹರಿದ ಹಂಗಿದೆ. ಜಯಂತಿ ಕೈ ಯಾವತ್ತೂ ಹೀಗಿರಲಿಲ್ಲ" ಎಂದಳು. ಸರಿಮಾಡಿಸಿಕೊಂಡು ಬರುತ್ತೇನೆ ಎಂದು ರಸ್ತೆ ದಾಟಿ ಟಾರ್ಪಾಲಿನ ಸಂದಿನಲ್ಲಿ ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ರವಿಕೆ ಹಾಗೇ ಕೈಯಲ್ಲಿತ್ತು. ಪಹಣಿಗೆ ಬಂದ ಒಬ್ಬರು ನನ್ನ ಮುಂದೆ ಕೂತಿದ್ದರು. ಅವರು ಎದ್ದು ಹೋಗುವವರೆಗೂ ಸುಮ್ಮನೆ ಕಾದು, ಆಮೇಲೆ ಅದೇ ಕುರ್ಚಿಯಲ್ಲಿ ಕೂತು ಮೆಲ್ಲಗೆ ಹೇಳಿದಳು.

"ನೀವು ದಿನಾ ಜಯಂತೀನ ನೋಡ್ತಾ ಕೂತಿರ್ತೀರಂತೆ."

ನನಗೆ ನಗು ಬಂತು. "ನಾನಾ? ಅವ್ರನ್ನ ಎಂತಕ್ಕೆ ನೋಡ್ಲಿ? ನಾನು ನೋಡೋದು ರವಿಕೇನ" ಎಂದೆ. ಹೇಳಿ ಮುಗಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ನಗು ನಿಂತುಹೋಯಿತು.

"ಅದು ವ್ಯಾಯಾಮ ಅಂತ ನಂಗೆ ಗೊತ್ತು. ಅವ್ಳಿಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಶಾರದೆ. "ಫೋನ್ ಶಬ್ದ ಆಗೋದು, ನೀವು ಕನ್ನಡಕ ತೆಗೆದು ಅವಳನ್ನೇ ನೋಡೋದು, ಆಮೇಲೆ ಕಣ್ಣು ಹೊಡೆಯೋದು, ಬಾ ಅನ್ನೋ ಹಂಗೆ ತಲೆ ಆಡಿಸೋದು. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಲ್ವಂತೆ. ಗಂಡನಿಗೆ ಹೇಳಿದ್ರೆ ಜಗಳಕ್ಕೆ ಬರ್ತಾರೆ, ಸಾರ್ ಮರ್ಯಾದೆ ಹೋಗತ್ತೆ, ಶಾರದಕ್ಕಂಗೂ ಬೇಜಾರು ಅಂತ ಹೇಳದೆ ಟಾರ್ಪಾಲು ಕಟ್ಕೊಂಡ್ಳಂತೆ. ಒಳಗೆ ಹಗಲಲ್ಲೂ ಕತ್ತಲೆ. ಬಲ್ಬಿನ ಬೆಳಕಲ್ಲಿ ಅವ್ಳಿಗೆ ಹೊಲಿಗೆ ಕಾಣಲ್ಲ. ಹೊಲಿದದ್ದೆಲ್ಲ ಜನ ವಾಪಸ್ ತರ್ತಿದ್ದಾರೆ."

ಕಿವಿ ಬಿಸಿಯಾಯಿತು. ಹೋಟೆಲಿನಲ್ಲಿ ಯಾರೂ ನಗದಿದ್ದದ್ದು ಏಕೆಂದು ಈಗ ಅರ್ಥವಾಯಿತು. ನನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತವರೆಲ್ಲ ನೋಡಿದ್ದಾರೆ, ನೋಡಿ ಸುಮ್ಮನಿದ್ದಾರೆ. ನಮ್ಮ ಕಡೆಯವರು ಮುಖಕ್ಕೆ ಹೊಡೆದಂತೆ ಹೇಳುವವರಲ್ಲ, ನನಗೆ ವಯಸ್ಸಾಗಿದೆ ಎಂದು ಮರ್ಯಾದೆ ಬೇರೆ ಕೊಟ್ಟಿದ್ದಾರೆ. ಆ ಮರ್ಯಾದೆ ನೆನೆದು ಇನ್ನಷ್ಟು ನಾಚಿಕೆಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ನೆನಪಾದದ್ದು "ಎಂಥದ್ದೂ ಕಾಣಲ್ಲ" ಎಂದು ನಾಲ್ಕು ಜನರ ಮುಂದೆ ಆ ಹೆಂಗಸಿಗೆ ಕೂಗಿ ಹೇಳಿದ್ದು.

"ಏಳಿ. ಬಂದು ಒಂದು ಮಾತು ಹೇಳಿ. ನಾನೂ ಬರ್ತೀನಿ" ಎಂದಳು ಶಾರದೆ.

ಅಗಲವೇ ಇಲ್ಲದ ಆ ರಸ್ತೆ ದಾಟುವುದು ಅವತ್ತು ಬಹಳ ಕಷ್ಟವಾಯಿತು. ಟಾರ್ಪಾಲಿನ ಒಳಗೆ ಸೆಖೆ, ನೀಲಿ ಕತ್ತಲೆ, ಮೆಷಿನ್ ಮೇಲೆ ಇಳಿಬಿಟ್ಟ ಒಂದು ಬಲ್ಬು. ಜಯಂತಿಯವರ ಕಣ್ಣು ಕೆಂಪಗಿತ್ತು. ಅತ್ತದ್ದಕ್ಕೋ ಕೆಲಸಕ್ಕೋ ನನಗೆ ತಿಳಿಯಲಿಲ್ಲ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತು "ಕೂತ್ಕೊಳ್ಳಿ ಸಾರ್" ಎಂದು ಸ್ಟೂಲು ಮುಂದೆ ಮಾಡಿದರು.

ನಾನು ನಿಂತೇ ಹೇಳಿದೆ. ಕಣ್ಣುರಿ, ಡಾಕ್ಟರು, ಇಪ್ಪತ್ತು ನಿಮಿಷ, ದೂರದ ವಸ್ತು, ರೆಪ್ಪೆ ಬಡಿಯುವುದು, ಕುತ್ತಿಗೆ. ಎಲ್ಲ ನಿಜ. ಆದರೆ ಹೇಳುತ್ತಾ ಹೋದಂತೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತಿತ್ತು. ಶಾರದೆ ಪಕ್ಕದಲ್ಲಿ ನಿಂತು ಹೌದು ಹೌದು ಎನ್ನದೆ ಹೋಗಿದ್ದರೆ ನನ್ನ ಮಾತನ್ನು ನಾನೇ ನಂಬುತ್ತಿರಲಿಲ್ಲ.

ಜಯಂತಿ ತಲೆ ಆಡಿಸುತ್ತಾ ಕೇಳಿದರು. "ನಂಗೆ ಗೊತ್ತಾಗಲಿಲ್ಲ ಸಾರ್. ತಪ್ಪು ತಿಳ್ಕೊಂಡೆ" ಎಂದು ಅವರೇ ಕ್ಷಮೆ ಕೇಳುವವರಂತೆ ಹೇಳಿದರು. ಸ್ವಲ್ಪ ನಕ್ಕರು ಕೂಡ. ಸದ್ಯ, ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ನನ್ನ ಜೇಬಿನಲ್ಲಿದ್ದ ಫೋನು ಟಿಣ್ ಎಂದಿತು.

ಜಯಂತಿ ಬೆಚ್ಚಿದರು. ಅವರ ಕೈ ತಾನಾಗಿ ಎದೆಯ ಮೇಲಿನ ಸೆರಗಿಗೆ ಹೋಯಿತು. ಎಲ್ಲ ತಿಳಿದ ಮೇಲೂ, ಶಾರದೆ ಪಕ್ಕದಲ್ಲೇ ಇದ್ದರೂ ಆ ಕೈ ಹೋಯಿತು. ನಾನು ಫೋನು ಆರಿಸಲು ತಡಕಾಡಿದೆ, ಬೆರಳು ಸರಿಯಾಗಿ ಬೀಳಲಿಲ್ಲ. ಕೊನೆಗೆ ಶಾರದೆಯೇ ಕಿತ್ತುಕೊಂಡು ಆರಿಸಿದಳು.

ಆಮೇಲೆ ಜಯಂತಿ ಮೆಷಿನ್ ಮೇಲಿದ್ದ ಬಟ್ಟೆ ಮಡಚುತ್ತಾ ಹೇಳಿದರು: "ನಂಗೂ ಕಣ್ಣು ಸೋಲತ್ತೆ ಸಾರ್. ಸೂಜಿ ನೋಡಿ ನೋಡಿ ಸಾಕಾದಾಗ ನಾನೂ ತಲೆ ಎತ್ತಿ ಹೊರಗೆ ನೋಡ್ತಿದ್ದೆ. ನೋಡಿದಾಗೆಲ್ಲ ನೀವೇ ಕಾಣ್ತಿದ್ರಿ." ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವತ್ತು ಸಂಜೆಯೇ ಮೇಜು ತಿರುಗಿಸಿ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಫೋನಿನ ಗಂಟೆ ತೆಗೆದೆ. ಮತ್ತೊಮ್ಮೆ ಮೂಡಿಗೆರೆಗೆ ತಪಾಸಣೆಗೆ ಹೋದಾಗ, ನಮ್ಮಲ್ಲಿ ನೋಡಲು ದೂರವೇ ಸಿಗುವುದಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಉಳಿದದ್ದು ಹೇಳಲಿಲ್ಲ. ಅವರು ಸುಲಭವಾಗಿ, "ಅದಕ್ಕೇನು ಅಂಕಲ್, ಒಂದರ್ಧ ನಿಮಿಷ ಕಣ್ಣು ಮುಚ್ಕೊಂಡು ಕೂತ್ರೂ ಕಣ್ಣಿಗೆ ವಿಶ್ರಾಂತಿ ಸಿಗತ್ತೆ" ಎಂದರು. ಮೊದಲೇ ಇಷ್ಟು ಮಾಡಿದ್ದರೆ ಸಾಕಿತ್ತು.

ಜಯಂತಿಯವರು ಟಾರ್ಪಾಲು ಮಾತ್ರ ಬಿಚ್ಚಲಿಲ್ಲ. ಒಂದು ಪಕ್ಕ ಸ್ವಲ್ಪ ಮೇಲೆ ಸುತ್ತಿ ಕಟ್ಟಿದ್ದರು, ಅಷ್ಟೇ. ಹೂಮಳೆ ಬಂತು, ಕಾಫಿ ಹೂ ಬಿಟ್ಟಿತು, ಆಮೇಲೆ ಮಳೆಗಾಲವೂ ಹಿಡಿಯಿತು. ರಸ್ತೆಯ ಎಲ್ಲ ಅಂಗಡಿಗಳಿಗೂ ಟಾರ್ಪಾಲು ಬಿತ್ತು. ಹತ್ತರಲ್ಲಿ ಹನ್ನೊಂದು ಎಂಬಂತೆ ಜಯಂತಿಯವರದ್ದೂ ಅದರಲ್ಲಿ ಸೇರಿಹೋಯಿತು. ಆ ನಾಲ್ಕು ತಿಂಗಳು ನನಗೆ ನೆಮ್ಮದಿ. ಮಳೆ ಇನ್ನೂ ಸ್ವಲ್ಪ ದಿನ ಹೊಯ್ಯಲಿ ಎಂದು ಬಯಸಿದ ಅಂಗಡಿಯವನು ಬಹುಶಃ ನಾನೊಬ್ಬನೇ.

ದೀಪಾವಳಿಯ ಹೊತ್ತಿಗೆ ಎಲ್ಲರೂ ಟಾರ್ಪಾಲು ಬಿಚ್ಚಿ ತೊಳೆದು ಒಣಹಾಕಿದರು. ಜಯಂತಿಯವರು ಬಿಚ್ಚಿದರೋ ಇಲ್ಲವೋ ನನಗೆ ಗೊತ್ತಿಲ್ಲ, ತಿರುಗಿ ನೋಡುವ ಧೈರ್ಯವೇ ಬರಲಿಲ್ಲ. ಬಸ್ಸು ಇಳಿದು ಅಂಗಡಿಗೆ ಬರುವಾಗಲೂ ನೆಲ ನೋಡಿಕೊಂಡೇ ಬರುತ್ತಿದ್ದೆ. ಕೊನೆಗೆ ಒಂದು ದಿನ ಶಾರದೆಯನ್ನು ಕೇಳಿದೆ.

"ಬಿಚ್ಚಿದಾಳೆ. ಮೆಷಿನ್ನೂ ಬಾಗಿಲ ಹತ್ರಾನೇ ಇದೆ. ಆದ್ರೆ ಈಗ ರಸ್ತೆಗೆ ಬೆನ್ನು ಹಾಕ್ಕೊಂಡು ಕೂತ್ಕೊಳ್ತಾಳೆ. ಬೆಳಕು ಹಿಂದಿಂದ ಬರತ್ತಂತೆ, ಸಾಕಂತೆ" ಎಂದಳು.

ಈಗ ನಾವಿಬ್ಬರೂ ಒಂದೇ ರಸ್ತೆಯ ಎರಡು ಬದಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡುತ್ತೇವೆ. ಕಣ್ಣು ಉರಿದಾಗ ನಾನು ಡಾಕ್ಟರು ಹೇಳಿದಂತೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಉರಿ ಕಡಿಮೆಯಾಗುತ್ತದೆ. ಆದರೆ ಮುಚ್ಚಿದ ಕೂಡಲೇ ಸೆರಗಿಗೆ ಹೋದ ಆ ಕೈ ಕಾಣುತ್ತದೆ, ತಟ್ಟನೆ ಕಣ್ಣು ತೆರೆಯುತ್ತೇನೆ.