ವರ್ನಾ ಹೆಸರಿನಲ್ಲಿ ಹೋದದ್ದು

ವರ್ನಾ ಟೋಲೆಫ್ಸನ್ ಹದಿನಾರು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಡಕೋಟಾದ ಬಯಲಿನ ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಸಾಫ್ಟ್‌ವೇರ್ ಹಾಕುವುದು ಅವಳ ಕೆಲಸ, ಫೋನು ಎತ್ತಿ ಜನರ ಗೋಳು ಕೇಳುವುದು ನನ್ನದು. ಮೊದಲೆಲ್ಲ ಅವಳು ಡಬ್ಬಿ ತುಂಬ ಫ್ಲಾಪಿ ಹೊತ್ತುಕೊಂಡು ಹಿಮದ ಬೂಟಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ನಡೆಯುತ್ತಿದ್ದಳು. ಒಂದು ಫ್ಲಾಪಿ ಮುಗಿದು ಇನ್ನೊಂದು ಹಾಕುವಷ್ಟರಲ್ಲಿ ಪ್ರಾಧ್ಯಾಪಕರ ಮನೆಯ ಜಗಳ, ಮಂಡಿ ನೋವು ಎಲ್ಲ ಅವಳ ಕಿವಿಗೆ ಬಿದ್ದಿರುತ್ತಿದ್ದವು. ಅದರಲ್ಲಿ ಒಂದು ಮಾತನ್ನೂ ಅವಳು ನನಗೆ ಹೇಳಿದ್ದಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಎಲ್ಲ ಕಟ್ಟಡಗಳಿಗೂ ನೆಟ್‌ವರ್ಕ್ ಎಳೆದರು. ಅಲ್ಲಿಂದಾಚೆಗೆ ಹಾಕಬೇಕಾದ್ದನ್ನೆಲ್ಲ ವರ್ನಾ ಸರ್ವರಿನ ಒಂದು ಪಟ್ಟಿಗೆ ಸೇರಿಸಿದರೆ ಸಾಕು. ಬೆಳಿಗ್ಗೆ ಯಾರೇ ಕಂಪ್ಯೂಟರ್ ಹಚ್ಚಲಿ, ಅದು ಪಟ್ಟಿ ನೋಡಿ ಹೊಸದನ್ನು ತಾನೇ ಎಳೆದುಕೊಳ್ಳುತ್ತಿತ್ತು. ಏಳುನೂರು ಚಿಲ್ಲರೆ ಕಂಪ್ಯೂಟರುಗಳು, ಒಂದು ಕುರ್ಚಿ. ವರ್ನಾಳ ಕಾಲಿಗೆ ಬಿಡುವು ಸಿಕ್ಕಿತು, ಆದರೆ ಜನ ಅವಳನ್ನು ನೋಡುವ ರೀತಿ ಬದಲಾಯಿತು. ಎದುರಿಗೆ ಕೂತು ಹಾಕುತ್ತಿದ್ದಾಗ ಯಾರಿಗೂ ಅನುಮಾನವಿರಲಿಲ್ಲ. ಕಾಣದ ಕಡೆಯಿಂದ ಒಳಗೆ ಕಳಿಸಬಲ್ಲವಳು, ಒಳಗಿದ್ದದ್ದನ್ನು ಹೊರಗೆ ತರಲಾರಳೇ?

ಮರುವರ್ಷದ ಫೆಬ್ರವರಿಯಲ್ಲಿ ಅದು ಬಾಯಿಗೂ ಬಂತು. ಊಟದ ಕೋಣೆಯಲ್ಲಿ ನಾವಿಬ್ಬರೂ ಆಲೂಗೆಡ್ಡೆ ಹಾಟ್‌ಡಿಶ್ ತಿನ್ನುತ್ತಿದ್ದೆವು. ಚರಿತ್ರೆಯ ಪ್ರಾಧ್ಯಾಪಕ ಹಾಗನ್ ತಟ್ಟೆಯನ್ನೂ ತಾರದೆ ಬಂದು ನಿಂತರು.

"ಏನ್ ವರ್ನಾ, ಈ ವಾರ ನಾನು ಎಷ್ಟು ಆಟ ಗೆದ್ದೆ, ಹೇಳಿ ನೋಡೋಣ."

"ಯಾವ ಆಟ?"

"ಇಸ್ಪೀಟು. ವಾರಕ್ಕೆ ಆರು ಗಂಟೆ ಕಂಪ್ಯೂಟರಲ್ಲಿ ಇಸ್ಪೀಟು ಆಡ್ತೀನಂತೆ, ಡೀನ್ ಕರೆದು ಹೇಳಿದ್ರು. ಅವರಿಗೇನು ಕನಸು ಬಿತ್ತಾ? ನಮ್ಮ ಕಂಪ್ಯೂಟರೊಳಗೆ ಕೈ ಹಾಕೋರು ಇಲ್ಲಿ ನೀವೊಬ್ರೇ."

ತನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದಷ್ಟೇ ಹೇಳಿ ವರ್ನಾ ಎದ್ದಳು.

ಯಾರು, ಯಾವಾಗ, ಏನು ಕಳಿಸಿದರು ಎಂಬುದೆಲ್ಲ ಸರ್ವರಿನಲ್ಲಿ ದಾಖಲಾಗುತ್ತಿತ್ತು. ಅವಳು ಅದನ್ನು ತೆರೆದಾಗ ನಾನೂ ಬಗ್ಗಿ ನೋಡಿದೆ. ಪ್ರಿಂಟರಿನ ತಿದ್ದುಪಡಿ ಎಂದು ಹೆಸರಿಟ್ಟ ಒಂದು ಪ್ರೋಗ್ರಾಂ ಜನವರಿ ಹದಿನಾಲ್ಕರ ಬೆಳಿಗ್ಗೆ ಹತ್ತೂಕಾಲಕ್ಕೆ ಎಲ್ಲ ಕಡೆಗೂ ಹೋಗುವಂತೆ ಪಟ್ಟಿಗೆ ಸೇರಿತ್ತು. ಯಾರು ಯಾವ ಪ್ರೋಗ್ರಾಮನ್ನು ಎಷ್ಟು ಹೊತ್ತು ತೆರೆದಿದ್ದರು ಎಂದು ಬರೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಕಳಿಸಿದವರ ಹೆಸರಿನ ಜಾಗದಲ್ಲಿ ವಿ. ಟೋಲೆಫ್ಸನ್ ಎಂದಿತ್ತು.

ವರ್ನಾ ನನ್ನ ಮುಖ ನೋಡಿದಳು. ಆಮೇಲೆ ಪರದೆಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಇಷ್ಟು ವರ್ಷದ ಗೆಳತಿ ಡೀನ್‌ಗೆ ಚಾಡಿ ಹೇಳುವವಳಾದಳೇ ಎಂದು ನನಗೆ ಊಟ ಸೇರದಾಯಿತು. ಮರುದಿನ ಅವಳ ಹೆಸರಿನಲ್ಲಿ ಸರ್ವರಿನೊಳಗೆ ಹೋಗಲು ನೋಡಿದರೆ ಪಾಸ್‌ವರ್ಡ್ ಬದಲಾಗಿತ್ತು. ಅದು ಗೊತ್ತಿದ್ದವರು ಮೂವರೇ: ಅವಳು, ನಾನು, ನಿರ್ದೇಶಕ ಲೈಲ್ ಬಾಕೆನ್. ತಪ್ಪಿಲ್ಲದವಳು ಹೇಳದೆ ಕೇಳದೆ ಯಾಕೆ ಬದಲಾಯಿಸುತ್ತಾಳೆ? ಅವಳು ಮೇಜಿನ ಡ್ರಾಯರಿಗೆ ಬೀಗ ಹಾಕತೊಡಗಿದಳು. ನಾನೂ ಹಾಕಿದೆ. ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದವರು ಬೇರೆ ಬೇರೆ ಫ್ಲಾಸ್ಕ್ ತಂದೆವು.

ಹತ್ತು ದಿನ ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಬಾಗಿಲು ಮುಚ್ಚಿ ಬಂದು ಕೂತಳು.

"ಅರ್ಡಿಸ್, ಹದಿನಾಲ್ಕನೇ ತಾರೀಕು ನೀನು ಇಲ್ಲಿಗೆ ಬಂದಿದ್ಯಾ?"

"ನಾನ್ಯಾಕೆ ಬರ್ಲಿ? ಬಂದು ಕಳಿಸಿದ್ದು ನೀನು."

"ಅವತ್ತು ಹಿಮಗಾಳಿ ಕಣೆ. ಯೂನಿವರ್ಸಿಟಿನೇ ಮುಚ್ಚಿತ್ತು. ನಾನು ಇಪ್ಪತ್ತು ಮೈಲಿ ಆಚೆ, ಕರೆಂಟೂ ಇಲ್ದೆ ಫೋನೂ ಇಲ್ದೆ ಕೂತಿದ್ದೆ. ನಿನಗಾದ್ರೆ ಎರಡೇ ಬೀದಿ."

ತಾರೀಕು ನೋಡಿದ್ದ ನನಗೆ ಹಿಮಗಾಳಿ ಹೊಳೆದೇ ಇರಲಿಲ್ಲ. ಈ ಹತ್ತು ದಿನವೂ ಅವಳು ನನ್ನನ್ನೇ ಕಳ್ಳಿ ಎಂದುಕೊಂಡಿದ್ದಳು! ಅವತ್ತು ಬೆಳಗಿನಿಂದ ನೆರೆಮನೆಯ ಮುದುಕಿಯ ಅಡಿಗೆಮನೆಯಲ್ಲಿ ಅವರಿಗೆ ಜೊತೆಯಾಗಿ ಕೂತಿದ್ದೆ, ಬೇಕಾದರೆ ಕೇಳು ಎಂದೆ. ಬೇಡ ಬಿಡು ಎನ್ನುತ್ತಾಳೆಂದು ಕಾದೆ. ವರ್ನಾ ಫೋನು ಎತ್ತಿ, ನನ್ನೆದುರಿಗೇ ಆ ಮುದುಕಿಯನ್ನು ಕೇಳಿದಳು. ಫೋನು ಇಟ್ಟು, "ಹಾಗಾದ್ರೆ ಲೈಲ್," ಎಂದಳು.

ಲೈಲ್ ಬಾಕೆನ್ ಎಂಥ ಹಿಮದಲ್ಲೂ ಸ್ನೋಮೊಬೈಲ್ ಏರಿ ಕಚೇರಿಗೆ ಬರುತ್ತಿದ್ದದ್ದು ಊರಿಗೇ ಗೊತ್ತು. ನಾವಿಬ್ಬರೂ ಹೋಗಿ ಕೇಳಿದಾಗ ಅವರು ಅಲ್ಲಗಳೆಯಲಿಲ್ಲ. ಕಂಪ್ಯೂಟರುಗಳು ವಿಶ್ವವಿದ್ಯಾಲಯದವು, ಯಾರು ಏನು ಬಳಸುತ್ತಾರೆಂದು ತಿಳಿಯಬೇಡವೇ ಎಂದರು. ಡೀನ್ ಕೇಳಿದರು, ಕೊಟ್ಟೆ ಎಂದರು.

"ಅದಕ್ಕೆ ನನ್ನ ಹೆಸರು ಯಾಕೆ?" ಎಂದಳು ವರ್ನಾ.

"ನಿಮ್ಮ ಹೆಸರಲ್ಲಿ ಬಂದದ್ದನ್ನ ಯಾರೂ ಏನು ಎತ್ತ ಅಂತ ಕೇಳಲ್ಲ, ವರ್ನಾ. ಅದಕ್ಕೇ."

ಅವಳು ಮೇಜಿಗೆ ಬಂದು, ಆ ಪ್ರೋಗ್ರಾಮನ್ನು ಎಲ್ಲ ಕಂಪ್ಯೂಟರುಗಳಿಂದಲೂ ಕಿತ್ತುಹಾಕುವ ಆಜ್ಞೆಯನ್ನು ಪಟ್ಟಿಗೆ ಸೇರಿಸಿದಳು. ಜೊತೆಗೆ ಒಂದು ಚೀಟಿ. ಮರುದಿನ ಬೆಳಿಗ್ಗೆ ಏಳುನೂರು ಪರದೆಗಳ ಮೇಲೂ ಅದು ಕಾಣಿಸಿಕೊಂಡಿತು: ನೀವು ಏನು ಮಾಡುತ್ತೀರೆಂದು ಗಮನಿಸುವ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿತ್ತು. ನನ್ನ ಹೆಸರಿನಲ್ಲಿ ನಿರ್ದೇಶಕರು ಕಳಿಸಿದ್ದು. ಈಗ ತೆಗೆದಿದ್ದೇನೆ.

ಪ್ರಾಧ್ಯಾಪಕರು ಸಭೆ ಸೇರಿ ಕೂಗಾಡಿದರು. ಬಾಕೆನ್ ಬೇಸಿಗೆಗೆ ಮುಂಚೆಯೇ ಬೇರೆ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಹುದ್ದೆ ಹಿಡಿದು ಹೋದರು. ಅಪ್ಪಣೆಯಿಲ್ಲದೆ ಚೀಟಿ ಕಳಿಸಿದ್ದಕ್ಕೆ ವರ್ನಾಗೆ ಎಚ್ಚರಿಕೆಯ ಪತ್ರ ಬಂತು. ಹಾಗನ್ ಕ್ಷಮೆ ಕೇಳಲಿಲ್ಲ. ಕಳಿಸಬಲ್ಲವಳು ತೆಗೆಯಬಲ್ಲಳು, ತೆಗೆದಳೆಂದು ನೋಡಿದವರು ಯಾರು ಎಂದು ಅಲ್ಲಲ್ಲಿ ಹೇಳಿಕೊಂಡು ತಿರುಗಿದರಂತೆ.

ಮುಂದೆ ಯಾರೊಬ್ಬರೂ ಒಂಟಿಯಾಗಿ ಏನನ್ನೂ ಕಳಿಸಬಾರದೆಂಬ ಕಟ್ಟುಪಾಡು ತಂದವಳು ವರ್ನಾಳೇ. ಪಾಸ್‌ವರ್ಡಿನ ಮೊದಲರ್ಧ ಅವಳಿಗೆ, ಉಳಿದರ್ಧ ನನಗೆ. ಒಬ್ಬರು ತಮ್ಮ ಅರ್ಧ ಒತ್ತುವಾಗ ಇನ್ನೊಬ್ಬರು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆವು. ಕಾಫಿ ಮತ್ತೆ ಒಂದೇ ಫ್ಲಾಸ್ಕಿಗೆ ಬಂತು, ನಗೆಯೂ ಬಂತು. ಏಳು ವರ್ಷದ ನಂತರ ಅವಳು ನಿವೃತ್ತಳಾದ ದಿನ ರೂಬಾರ್ಬ್ ಪೈ ಹಂಚಿ, ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಪಾಸ್‌ವರ್ಡಿನ ತನ್ನ ಅರ್ಧವನ್ನು ಒಂದು ಲಕೋಟೆಯಲ್ಲಿಟ್ಟು, ಅಂಟಿಸಿ, ನನ್ನ ಮೇಜನ್ನು ದಾಟಿಕೊಂಡು ಹೋಗಿ ಹೊಸ ನಿರ್ದೇಶಕಿಯ ಕೈಗೆ ಕೊಟ್ಟಳು.