ಭಾವನ ಕಿವಿ, ನನ್ನ ಎಂಟು ವ್ಯಾಟ್

ಭಾವ, ನಿಮ್ಮ ಕಿವಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ನಾನು ಜೋಡಿಸಿಕೊಟ್ಟ ಹಾಡಿನ ಸೆಟ್ಟು. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ, ನಿಮ್ಮದೇ ಪಡಸಾಲೆಯಲ್ಲಿ ಕೂತು, ನಿಮ್ಮದೇ ಚಹಾ ಕುಡಿಯುತ್ತ, ತಪ್ಪನ್ನು ನಿಮ್ಮ ಕಿವಿಯ ಮೇಲೆ ಹಾಕಿದೆ.

ಗಣಿಯ ಕಾಲ ಅದು. ಹೊಸಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ನನ್ನ ಅಂಗಡಿಗೂ ಸಂಡೂರಿನ ಕಡೆಯಿಂದ ದೊಡ್ಡ ಕಾರುಗಳಲ್ಲಿ ಜನ ಬರತೊಡಗಿದ್ದರು. ಅವರಿಗೆ ಬೇಕಾದದ್ದು ಎತ್ತರ. ನೆಲದ ಮೇಲೆ ಎದೆಮಟ್ಟ ನಿಲ್ಲುವ ಸ್ಪೀಕರ್ ಇದ್ದರೆ ಮನೆಗೆ ಗತ್ತು. ನನಗೋ ನನ್ನದೇ ಹುಚ್ಚು — ಹಳೆಯ ರೇಡಿಯೊಗಳ ಗಾಜಿನ ವಾಲ್ವುಗಳನ್ನು ಹುಡುಕಿ ತಂದು ನಾನೇ ಕಟ್ಟಿದ ಆಂಪ್ಲಿಫೈಯರ್. ಎಂಟು ವ್ಯಾಟ್, ಅಷ್ಟೇ. ಆದರೆ ತಕ್ಕ ಸ್ಪೀಕರ್ ಸಿಕ್ಕರೆ ಹಾಡುವವರು ಎದುರಿಗೇ ಬಂದು ಕೂತ ಹಾಗೆ ಕೇಳುತ್ತಿತ್ತು. ಇವೆರಡನ್ನೂ ಕೂಡಿಸಿ ಮಾರಿದರೆ ಸುತ್ತೆಲ್ಲ ನನ್ನ ಹೆಸರಾಗುತ್ತದೆ ಎಂದುಕೊಂಡೆ. ಕೂಡುವುದಿಲ್ಲ ಎಂದು ಕಲಿತ ವಿದ್ಯೆ ಹೇಳುತ್ತಲೇ ಇತ್ತು. ಆ ಎತ್ತರದ ಸ್ಪೀಕರುಗಳಿಗೆ ಶಕ್ತಿ ಎಷ್ಟು ಸುರಿದರೂ ಸಾಲದು. ನನ್ನ ವಾಲ್ವುಗಳು ಸಣ್ಣ ದನಿಯನ್ನು ಹೇಗೋ ನಿಭಾಯಿಸಿ, ದನಿ ಏರಿದ ಕೂಡಲೇ ಏದುಸಿರು ಬಿಡುತ್ತಿದ್ದವು. ಅಂಗಡಿಯಲ್ಲಿ ಹಚ್ಚಿ, ಅದನ್ನು ಕಿವಿಯಾರೆ ಕೇಳಿಯೂ ನಿಮ್ಮ ಮನೆಗೆ ತಂದೆ. ಅಕ್ಕನ ಮನೆಯಲ್ಲವೇ, ತಪ್ಪು ಹಿಡಿಯುವವರು ಯಾರು ಎಂಬ ಧೈರ್ಯ.

ಹಿಡಿದವರು ನೀವೇ. ಕಂಪ್ಲಿಯ ನಿಮ್ಮ ಅಕ್ಕಿ ಮಿಲ್ಲಿನ ಹೊರಗೆ ಕಟ್ಟೆಯ ಮೇಲೆ ಕೂತೇ, ಒಳಗೆ ಅಕ್ಕಿ ನುಚ್ಚಾಗುತ್ತಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದವರು ನೀವು. ಬೆಳಿಗ್ಗೆ ಪೂಜೆಯಾದ ಮೇಲೆ ತಂಬೂರಿ ಹಿಡಿದು ಮಗಳು ಗಿರಿಜೆಗೆ ಹಾಡು ಕಲಿಸುತ್ತಿದ್ದಿರಿ. ಆ ಹುಡುಗಿಯ ಸ್ವರ ಕೂದಲೆಳೆಯಷ್ಟು ಇಳಿದರೂ ನಿಮ್ಮ ಹುಬ್ಬು ಮೇಲೇಳುತ್ತಿತ್ತು. ಅವಳು ನಿಮ್ಮ ಹುಬ್ಬು ನೋಡಿಯೇ ತಿದ್ದಿಕೊಳ್ಳುತ್ತಿದ್ದಳು.

ಅವತ್ತು ಸೆಟ್ಟು ಕೇಳಿ ನೋಡಿ, ಹಿಡಿಸಿದರೆ ತಾವೂ ಒಂದು ಕೊಳ್ಳುತ್ತೇನೆಂದು ಸಂಡೂರಿನ ಲಾರಿ ಮಾಲೀಕರೊಬ್ಬರು ನನ್ನ ಜೊತೆ ಬಂದಿದ್ದರು. ನಿಮ್ಮ ಇಷ್ಟದ ಹಾಡು ಹಚ್ಚಿದೆ. ದನಿ ಮೇಲಿನ ಷಡ್ಜಕ್ಕೆ ಏರಿದಾಗ ನೀವು ಕೈ ಎತ್ತಿದಿರಿ.

“ಬಸವಾ, ಮ್ಯಾಲ ಹೋದ ಕೂಡ್ಲೆ ದನಿ ಒಡದಂಗ ಕೇಳ್ತೈತಲ್ಲೋ. ತಂಬೂರಿ ಎಲ್ಲಿ ಹೋತು?”

ಲಾರಿ ಮಾಲೀಕರು ನನ್ನ ಮುಖ ನೋಡಿದರು. ಹೌದು ಭಾವ, ಈ ಜೋಡಿ ಸರಿಯಿಲ್ಲ ಎಂದಿದ್ದರೆ — ಅಷ್ಟೇ, ಮುಗಿದುಹೋಗುತ್ತಿತ್ತು. ನಾನು ಅಂದದ್ದು ಬೇರೆ.

“ನನಗ ಚೊಕ್ಕ ಕೇಳ್ತೈತ್ರಿ ಭಾವ. ಮಿಲ್ಲಿನ ಸದ್ದಿನ್ಯಾಗ ಇಷ್ಟು ವರ್ಷ ಇದ್ದೀರಿ... ಮಾತು ಕೇಳ್ತಾವ, ಮ್ಯಾಲಿನ ಸ್ವರ ಮೊದ್ಲ ಹೋಗ್ತಾವ್ರಿ.”

ಸದ್ದಿನಲ್ಲಿ ದುಡಿದವರ ಕಿವಿ ಹಾಗೆ ಹೋಗುವುದು ಸುಳ್ಳಲ್ಲ. ಅದಕ್ಕೇ ನನ್ನ ಸುಳ್ಳು ಅಷ್ಟು ಚೆನ್ನಾಗಿ ನಾಟಿತು. ಲಾರಿ ಮಾಲೀಕರು ತಮಗೂ ಚೆನ್ನಾಗಿಯೇ ಕೇಳಿಸಿತೆಂದು ತಲೆಯಾಡಿಸಿದರು. ನೀವು ಅಕ್ಕನನ್ನು ಕೇಳಿದಿರಿ. ಅವಳು ತನಗೇನು ತಿಳಿಯುತ್ತದೆ ಎಂದು ಒಳಗೆ ಹೋದಳು. ನೀವು ನಕ್ಕು ಕಿವಿ ತಿಕ್ಕಿಕೊಂಡಿರಿ. ನಿಮ್ಮ ಕಿವಿಗಿಂತ ನನ್ನ ಮಾತನ್ನೇ ಹೆಚ್ಚು ನಂಬಿದಿರಿ — ಹೆಂಡತಿಯ ತಮ್ಮ, ಮೇಲಾಗಿ ಇದೇ ಕಸುಬಿನವನು.

ಆಮೇಲೊಂದು ಬೆಳಿಗ್ಗೆ ಬಂದಾಗ ಗಿರಿಜೆ ಹಾಡುತ್ತಿದ್ದಳು. ಸ್ವರ ಜಾರಿತು. ಅವಳು ನಿಮ್ಮ ಕಡೆ ನೋಡಿದಳು. ನೀವು ತಲೆ ತಗ್ಗಿಸಿ ಕೂತಿದ್ದಿರಿ, ಹುಬ್ಬು ಏಳಲಿಲ್ಲ. ನಿಮಗೆ ಅದು ಕೇಳಿಸಿತ್ತು, ನಾನು ಬಲ್ಲೆ — ಕೇಳಿಸಿದ್ದನ್ನು ನಂಬುವ ಧೈರ್ಯ ಹೋಗಿತ್ತು. ತಪ್ಪು ಕಲಿಸಿದರೆ ಪಾಪ ಬರುತ್ತದೆ ಎಂದು ನೀವು ಪಾಠವನ್ನೇ ನಿಲ್ಲಿಸಿದಿರಂತೆ. ಹುಡುಗಿ ಕೆಲವು ದಿನ ಒಬ್ಬಳೇ ಹಾಡಿಕೊಂಡು, ತಾನೂ ಬಿಟ್ಟಳು. ತಂಬೂರಿಗೆ ಗವಸು ಬಿತ್ತು.

ಇಷ್ಟಕ್ಕೇ ನಿಂತಿದ್ದರೆ... ನಿಲ್ಲಲಿಲ್ಲ. ಬಳ್ಳಾರಿಗೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸೋಣ ಎಂದು ಅಕ್ಕ ಅಂದಾಗ, ಆ ತರಹದ ಕಿವಿಗೆ ಮದ್ದಿಲ್ಲ, ಸುಮ್ಮನೆ ಯಾಕೆ ಅಲೆದಾಟ ಎಂದು ತಡೆದವನು ನಾನು. ಪರೀಕ್ಷೆ ಮಾಡಿದರೆ ಗುಟ್ಟು ಹೊರಬೀಳುತ್ತಿತ್ತಲ್ಲ. ಮೊದಲನೆಯದನ್ನು ಗಾಬರಿಯಲ್ಲಿ ಬಾಯಿಗೆ ಬಂದ ಮಾತು ಎನ್ನಬಹುದಿತ್ತು. ಇದನ್ನು ಯೋಚಿಸಿಯೇ ಆಡಿದೆ.

ಮೊನ್ನೆ ಗಿರಿಜೆಯ ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಹೆಂಗಸರು ಅವಳಿಗೆ ಜೋಗುಳ ಹಾಡೆಂದರು. ಬಿಟ್ಟು ಭಾಳ ದಿನ ಆಯಿತೆಂದು ನಾಚುತ್ತಲೇ ಶುರು ಮಾಡಿದಳು. ಎರಡು ಸಾಲಿಗೇ ಶ್ರುತಿ ತಪ್ಪಿ, ನಕ್ಕು ನಿಲ್ಲಿಸಿದಳು. ನೀವೂ ನಕ್ಕಿರಿ. ಈಗ ನಿಮಗೆ ನಿಜವಾಗಿಯೂ ಕೇಳಿಸುವುದಿಲ್ಲ. ವಯಸ್ಸು ತನ್ನ ಕೆಲಸ ಮಾಡಿದೆ. ಪಕ್ಕದಲ್ಲಿದ್ದ ನನ್ನ ಕೈ ಹಿಡಿದು ಅಂದಿರಿ:

“ಅವತ್ತು ನೀನೊಬ್ಬನ ಖರೆ ಹೇಳಿದಿ ನೋಡಪ್ಪ. ಇಲ್ದಿದ್ರ ಹುಡುಗಿಗೆ ತಪ್ಪ ಕಲಿಸ್ತಿದ್ದೆ.”

ನಾನು ಹೂಂ ಎಂದೆ. ಅಷ್ಟಾದ ಮೇಲೂ — ಹೂಂ ಎಂದೆ.

ನಿಮ್ಮ ಕಿವಿ ಚೆನ್ನಾಗಿದ್ದ ವರ್ಷಗಳನ್ನೆಲ್ಲ ನಾನು ತಿಂದುಹಾಕಿದೆ, ಭಾವ. ಇನ್ನು ಸತ್ಯ ಹೇಳಿದರೆ ಅವು ಮರಳುವುದಿಲ್ಲ, ಗಿರಿಜೆಯ ಹಾಡೂ ಮರಳುವುದಿಲ್ಲ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ನಾಳೆ ಕಂಪ್ಲಿಗೆ ಬರುತ್ತೇನೆ. ಅಕ್ಕನನ್ನೂ ಗಿರಿಜೆಯನ್ನೂ ಕರೆದು ಕೂರಿಸಿ, ನಿಮ್ಮ ಎದುರಿಗೆ ಹೇಳುತ್ತೇನೆ. ಕೇಳಿಸದಿದ್ದರೆ ಇನ್ನೊಮ್ಮೆ ಹೇಳುತ್ತೇನೆ — ನಿಮಗೆ ಕೇಳಿಸುವ ತನಕ, ಗಟ್ಟಿಯಾಗಿ.